ಮೂರು ತಿಂಗಳ ಮಟ್ಟಿಗೆ ಬಂದ ಅತಿಥಿ

ದೊಡ್ಡ ಹೋಟೆಲುಗಳ ಮಾಲೀಕರಿಗೆ ಸಾಮಾನ್ಯವಾಗಿ ಗಿರಾಕಿ ಬರಲಿಲ್ಲ ಎನ್ನುವ ಚಿಂತೆ. ಸೈಪ್ರಸ್ ದ್ವೀಪದ ರಾಜಧಾನಿ ನಿಕೋಸಿಯಾದಲ್ಲಿರುವ ಲೆಡ್ರಾ ಪ್ಯಾಲೇಸ್ ಹೋಟೆಲಿನದು ಇನ್ನೊಂದು ಬಗೆಯ ಕಷ್ಟ. ಅಲ್ಲಿಗೆ 1974ರಲ್ಲಿ ಬಂದು ಕೂತ ಗಿರಾಕಿ ಎದ್ದು ಹೋಗಿಯೇ ಇಲ್ಲ. ಗಿರಾಕಿಯ ಹೆಸರು ವಿಶ್ವಸಂಸ್ಥೆ. ಪೆಟ್ಟಿಗೆ ಬೀದಿಗಿಟ್ಟು ‘ನಡೀರಿ ಸ್ವಾಮಿ’ ಅನ್ನುವ ಹಾಗೂ ಇಲ್ಲ.

ಹೋಟೆಲು ತೆರೆದದ್ದು 1949ರಲ್ಲಿ. ಆಗ ದ್ವೀಪ ಬ್ರಿಟಿಷರ ಕೈಯಲ್ಲಿತ್ತು. ಬೆಂಜಮಿನ್ ಗುನ್ಸ್‌ಬರ್ಗ್ ಎಂಬ ಜರ್ಮನ್ ಯಹೂದಿ ವಾಸ್ತುಶಿಲ್ಪಿ ಮರಳುಗಲ್ಲಿನಲ್ಲಿ ಕಟ್ಟಿಸಿದ ಆ ಕಟ್ಟಡಕ್ಕೆ ಸುಮಾರು 2,40,000 ಪೌಂಡ್ ಖರ್ಚಾಗಿತ್ತು. ದ್ವೀಪದ ಸಾಹೇಬರು, ವ್ಯಾಪಾರಿಗಳು, ಪತ್ರಕರ್ತರು ಎಲ್ಲರೂ ಸಂಜೆಗೆ ಅದರ ಬಾರಿಗೆ ಬಂದು ಬೀಳುತ್ತಿದ್ದರು. 1955ರ ನವೆಂಬರ್ 26ರಂದು ಗವರ್ನರ್ ಹಾರ್ಡಿಂಗ್ ದ್ವೀಪಕ್ಕೆಲ್ಲ ತುರ್ತು ಪರಿಸ್ಥಿತಿ ಘೋಷಿಸಿದರು. ಅದೇ ರಾತ್ರಿ ಈ ಹೋಟೆಲಿನಲ್ಲಿ ಸ್ಕಾಟ್ಲೆಂಡಿನವರ ನೃತ್ಯಕೂಟ! ತುರ್ತು ಪರಿಸ್ಥಿತಿ ಏನಿದ್ದರೂ ಊರಿನವರಿಗೆ, ಬಾಲ್‌ರೂಮಿಗೆ ಅನ್ವಯಿಸುವುದಿಲ್ಲ ಎಂದುಕೊಂಡಿದ್ದರೋ ಏನೋ. ಬಾಂಬು ಬಿದ್ದ ಮೇಲೆ ಅನ್ವಯಿಸಿತು.

1960ರಲ್ಲಿ ಸ್ವಾತಂತ್ರ್ಯ ಬಂತು. ಮೂರು ವರ್ಷ ಕಳೆಯುವಷ್ಟರಲ್ಲಿ ಗ್ರೀಕ್ ಮತ್ತು ತುರ್ಕಿ ಸೈಪ್ರಿಯಟ್ಟರು ಬೀದಿ ಬೀದಿಯಲ್ಲಿ ಬಡಿದಾಡಿಕೊಂಡರು. ಆಗ ಪೀಟರ್ ಯಂಗ್ ಎಂಬ ಬ್ರಿಟಿಷ್ ಮೇಜರ್ ಜನರಲ್ ಹಸಿರು ಪೆನ್ಸಿಲ್ ತೆಗೆದುಕೊಂಡು ನಿಕೋಸಿಯಾದ ನಕ್ಷೆಯ ಮೇಲೆ ಒಂದು ಗೆರೆ ಎಳೆದರು. ಆ ಹೊತ್ತಿಗೆ ಕೈಗೆ ಸಿಕ್ಕಿದ್ದು ಹಸಿರು ಪೆನ್ಸಿಲ್. ಹಾಗಾಗಿ ಅದು ‘ಹಸಿರು ರೇಖೆ’. ಸಾಹೇಬರು ಪೆನ್ಸಿಲ್ ಜೊತೆಗೆ ಒಂದು ರಬ್ಬರನ್ನೂ ಬಿಟ್ಟುಹೋಗಿದ್ದರೆ ಚೆನ್ನಾಗಿತ್ತು.

1964ರ ಮಾರ್ಚ್ 4ರಂದು ಭದ್ರತಾ ಮಂಡಳಿ 186ನೇ ನಿರ್ಣಯ ಮಾಡಿ ಶಾಂತಿಪಾಲನಾ ಪಡೆಯನ್ನು ಕಳಿಸಿತು. ಅವಧಿ: ಮೂರು ತಿಂಗಳು. ಹೌದು, ಮೂರೇ ತಿಂಗಳು. ಅದು ಮುಗಿದಾಗ ಇನ್ನು ಮೂರು ತಿಂಗಳು ಎಂದರು, ಆಮೇಲೆ ಆರಾರು ತಿಂಗಳಿಗೊಮ್ಮೆ ಮುದ್ರೆ ಒತ್ತಿದರು. ಈಚೆಗೆ ಅದೂ ಬೇಸರವಾಗಿ ವರ್ಷಕ್ಕೊಮ್ಮೆ ಮಾಡಿಕೊಂಡಿದ್ದಾರೆ. ಮದುವೆಗೆಂದು ಬಂದ ನೆಂಟ ಮೊಮ್ಮಕ್ಕಳ ನಾಮಕರಣ ಮುಗಿಸಿಯೂ ಚಾಪೆ ಸುತ್ತದೆ ಕೂತ ಹಾಗೆ.

ಮೊದಲ ಮೂರು ತಿಂಗಳು ಮುಗಿದ ಮೇಲೆ, 1964ರ ಜುಲೈನಲ್ಲಿ, ಈ ಪಡೆಯ ಮುಖ್ಯಸ್ಥರಾಗಿ ಹೋದವರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಕೊರಿಯಾದಲ್ಲಿ ಯುದ್ಧಕೈದಿಗಳ ವಾಪಸಾತಿಯ ಆಯೋಗವನ್ನು ನಡೆಸಿ ಬಂದಿದ್ದವರು, ಬೇರೆಯವರ ಜಗಳದ ನಡುವೆ ನಿಲ್ಲುವುದು ಅವರಿಗೆ ಹೊಸದಲ್ಲ. 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ಅಂಚೆಚೀಟಿ ತಂದಿತು, ಲಾರ್ನಕಾದ ಒಂದು ರಸ್ತೆಗೆ ಅವರ ಹೆಸರಿಟ್ಟಿತು. ಇಡೀ ಕತೆಯಲ್ಲಿ ತಮ್ಮ ಕೆಲಸ ನೆಟ್ಟಗೆ ಮಾಡಿದವರ ಪಟ್ಟಿ ಚಿಕ್ಕದು, ಅದರಲ್ಲಿ ಮಡಿಕೇರಿಯವರೊಬ್ಬರಿದ್ದಾರೆ ಎನ್ನುವುದನ್ನು ನಾವು ಜಂಬದಿಂದಲೇ ಹೇಳಿಕೊಳ್ಳಬಹುದು.

1968ರಲ್ಲಿ ಮಾತುಕತೆ ಶುರುವಾಯಿತು. ಗ್ರೀಕರ ಕಡೆಯಿಂದ ಗ್ಲಾಫ್ಕೋಸ್ ಕ್ಲೆರಿಡಿಸ್, ತುರ್ಕರ ಕಡೆಯಿಂದ ರೌಫ್ ಡೆಂಕ್ಟಾಶ್. ಇಬ್ಬರೂ ಲಂಡನ್ನಿನಲ್ಲಿ ಕಲಿತ ವಕೀಲರು, ಹಳೇ ಪರಿಚಯಸ್ಥರು. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದ ನಮ್ಮ ಹಿರಿಯರು ಇಬ್ಬರೂ ಮಾತು ಬಲ್ಲವರಾದರೆ ಏನಾಗುತ್ತದೆಂದು ಯೋಚಿಸಿರಲಿಕ್ಕಿಲ್ಲ. ಏನಾಯಿತೆಂದರೆ, 2001ರಲ್ಲೂ ಅದೇ ಕ್ಲೆರಿಡಿಸ್, ಅದೇ ಡೆಂಕ್ಟಾಶ್ ಎದುರುಬದುರು ಕೂತು ಅದೇ ವಿಷಯ ಮಾತಾಡುತ್ತಿದ್ದರು. ನಡುವೆ 33 ವರ್ಷ, ಒಂದು ಯುದ್ಧ.

ಯುದ್ಧ 1974ರದ್ದು. ಜುಲೈ 15ರಂದು ಅಥೆನ್ಸ್‌ನ ಸೇನಾಡಳಿತದ ಚಿತಾವಣೆಯಿಂದ ಸೈಪ್ರಸ್ ಸರ್ಕಾರದ ವಿರುದ್ಧ ದಂಗೆ, 20ರಂದು ತುರ್ಕಿಯ ಸೇನೆ ದ್ವೀಪಕ್ಕಿಳಿಯಿತು. ಲೆಡ್ರಾ ಪ್ಯಾಲೇಸ್‌ನಲ್ಲಿ ಆಗ ಸುಮಾರು 200 ಕೋಣೆ, ತುಂಬ ವಿದೇಶಿ ವರದಿಗಾರರು. ಯುದ್ಧವೇ ಬಾಲ್ಕನಿಯವರೆಗೂ ಬಂದು ವರದಿ ಕೊಟ್ಟುಹೋಗುತ್ತಿತ್ತು. ಗುಂಡಿನ ತೂತುಗಳು ಗೋಡೆಯಲ್ಲಿ ಉಳಿದವು. ದ್ವೀಪ ಉತ್ತರಕ್ಕೆ ತುರ್ಕರು, ದಕ್ಷಿಣಕ್ಕೆ ಗ್ರೀಕರು ಎಂದು ಎರಡಾಯಿತು, ಹೋಟೆಲು ನಡುವಿನ ಹಸಿರು ರೇಖೆಯಲ್ಲಿ ಸಿಕ್ಕಿಬಿತ್ತು. ಒಳಗಿದ್ದವರನ್ನು ಕಾಪಾಡಲು ವಿಶ್ವಸಂಸ್ಥೆ ಹೋಟೆಲನ್ನು ತನ್ನ ರಕ್ಷಣೆಗೆ ತೆಗೆದುಕೊಂಡಿತು. ಕಾಪಾಡಲು ಹೋದವರಿಗೆ ಜಾಗ ಹಿಡಿಸಿರಬೇಕು. ಪ್ರವಾಸಿಗರು ಹೊರಟರು, ಸೈನಿಕರು ಉಳಿದರು. ಸುಖವಾಸಕ್ಕೆಂದು ಕಟ್ಟಿದ ಕೋಣೆಗಳಲ್ಲಿ ಬೂಟು ಒಣಗತೊಡಗಿದವು.

ಇನ್ನು ಬಾಡಿಗೆಯ ವಿಚಾರ. ಪಡೆಯ ವಾರ್ಷಿಕ ಖರ್ಚಿನ ಮೂರನೇ ಒಂದು ಪಾಲನ್ನು ಸೈಪ್ರಸ್ ಸರ್ಕಾರವೇ ಕೊಡುತ್ತದೆ, ಗ್ರೀಸ್ ಬೇರೆ 65 ಲಕ್ಷ ಡಾಲರ್ ಸೇರಿಸುತ್ತದೆ. ಲೋಕದಲ್ಲಿ ಗಿರಾಕಿ ಬಿಲ್ ಕಟ್ಟುತ್ತಾನೆ, ಇಲ್ಲಿ ಊರಿನವರು ಗಿರಾಕಿಗೆ ಕಟ್ಟುತ್ತಾರೆ. ‘ಅತಿಥಿ ದೇವೋ ಭವ’ ಎಂದು ಬೋರ್ಡು ಬರೆಸಿಕೊಂಡ ನಮ್ಮ ಪ್ರವಾಸೋದ್ಯಮ ಇಲಾಖೆಯವರೂ ಇಷ್ಟು ದೂರ ಹೋಗಿಲ್ಲ.

2003ರ ಏಪ್ರಿಲ್ 23ರಂದು ಗಡಿ ಸ್ವಲ್ಪ ತೆರೆಯಿತು, ಅದೂ ಈ ಹೋಟೆಲಿನ ಮುಂದೆಯೇ. 29 ವರ್ಷದ ಹಿಂದೆ ಬಿಟ್ಟುಬಂದ ಮನೆ ನೋಡಲು ಜನ ಸರದಿಯಲ್ಲಿ ನಿಂತರು. ಆಚೆಯ ಅಧಿಕಾರಿ ಪಾಸ್‌ಪೋರ್ಟ್ ಕೇಳಿದ, ಒಂದು ಚೀಟಿಗೆ ಮುದ್ರೆ ಒತ್ತಿಕೊಟ್ಟ. ಹುಟ್ಟಿದ ಮನೆಯ ಹಿತ್ತಲು ನೋಡಲು ವೀಸಾ! ಮುಂದಿನ ವರ್ಷ ಒಂದಾಗೋಣವೇ ಎಂದು ಮತ ಹಾಕಿಸಿದರು. ಉತ್ತರದ ತುರ್ಕರಲ್ಲಿ ಶೇ 65 ಮಂದಿ ಹೂಂ ಎಂದರು, ದಕ್ಷಿಣದ ಗ್ರೀಕರಲ್ಲಿ ಶೇ 76 ಮಂದಿ ಉಹೂಂ ಎಂದರು. ಒಂದು ವಾರದ ಬಳಿಕ ಯುರೋಪಿಯನ್ ಒಕ್ಕೂಟ ಸೇರಿದ್ದು ಉಹೂಂ ಎಂದವರು. ಹೂಂ ಎಂದವರು ಬಾಗಿಲಲ್ಲೇ ಉಳಿದರು.

ಆದರೂ ಹೋಟೆಲಿನ ಕೆಳಗಿನ ಸಭಾಂಗಣ ಖಾಲಿ ಬಿದ್ದಿಲ್ಲ. ಎರಡೂ ಕಡೆಯ ರಾಜಕೀಯ ಪಕ್ಷಗಳನ್ನು ಅಲ್ಲಿ ಕೂರಿಸಿ ಮಾತಾಡಿಸುವ ಪರಿಪಾಠ 1989ರಲ್ಲಿ ಶುರುವಾಯಿತು. ಆತಿಥ್ಯ ಯಾರದ್ದು ಅಂತೀರಿ? ಚೆಕೊಸ್ಲೊವಾಕಿಯಾದ ರಾಯಭಾರ ಕಚೇರಿಯದ್ದು. ಬೇರೆಯಾದವರನ್ನು ಒಂದು ಮಾಡುವ ಈ ಪುಣ್ಯಕಾರ್ಯ ನಡೆಯುತ್ತಿರುವಾಗಲೇ, 1993ರ ಜನವರಿ 1ರಂದು, ಚೆಕೊಸ್ಲೊವಾಕಿಯಾವೇ ಎರಡಾಯಿತು. ಗುಂಡಿಲ್ಲ, ಗೆರೆಯಿಲ್ಲ, ಹಸಿರು ಪೆನ್ಸಿಲಂತೂ ಇಲ್ಲವೇ ಇಲ್ಲ. ಸ್ಲೊವಾಕಿಯಾದವರು ಪಾಲಿಗೆ ಬಂದ ಪಾತ್ರೆಗಳ ಜೊತೆ ಈ ಸಭೆಯನ್ನೂ ತೆಗೆದುಕೊಂಡರು, ಮುಂದುವರಿಸಿದರು. ಪ್ರತಿ ಸಭೆಯ ಕೊನೆಗೆ ಒಂದು ಜಂಟಿ ಹೇಳಿಕೆ ಹೊರಬೀಳುತ್ತದೆ. ಮುಂದಿನ ಸಭೆಯ ಹೇಳಿಕೆ ತುರ್ತಾಗಿ ಬೇಕಾದ ಪತ್ರಕರ್ತರು ಹಿಂದಿನದನ್ನೇ ತೆಗೆದು ತಾರೀಕು ತಿದ್ದಿಕೊಳ್ಳಬಹುದು, ಎರಡೂ ಕಡೆಯವರು ಒಮ್ಮತದಿಂದ ಒಪ್ಪುತ್ತಾರೆ.