ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ?

ಬೋರ್‌ವೆಲ್ ನೀರನ್ನು ಚೆನ್ನಾಗಿ ಕುದಿಸಿ ಬಟ್ಟೆಯಲ್ಲಿ ಸೋಸಿದರೆ ಫ್ಲೋರೈಡ್ (ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣದಂಶ) ಹೋಗುತ್ತದೆ ಎಂಬ ಸಂದೇಶ ಬೇಸಿಗೆ ಬಂದಾಗಲೆಲ್ಲ ಮೊಬೈಲ್‌ಗಳಲ್ಲಿ ಸುತ್ತುತ್ತದೆ. ಮನೆಯವರ ಮೇಲಿನ ಕಾಳಜಿಯಿಂದಲೇ ಜನ ಇದನ್ನು ಹಂಚುತ್ತಾರೆ. ಆದರೆ ಮಾತು ತಪ್ಪು.

ಕುದಿಸಿದಾಗ ಸಾಯುವುದು ರೋಗಾಣುಗಳು. ಫ್ಲೋರೈಡ್ ನೀರಿನಲ್ಲಿ ಕರಗಿರುತ್ತದೆ, ಆವಿಯಾಗಿ ಹೋಗದು, ಬಟ್ಟೆಗೂ ಸಿಗದು. ಲೀಟರಿಗೆ 2 ಮಿಲಿಗ್ರಾಂ ಇರುವ 10 ಲೀಟರ್ ನೀರು ಕುದಿದು 8 ಲೀಟರಾದರೆ ಆ ಪ್ರಮಾಣ ಸುಮಾರು 2.5ಕ್ಕೆ ಏರುತ್ತದೆ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆ ಬಹುಪಾಲು ಸುಣ್ಣದಂಶ. ಅದನ್ನು ಕಂಡು ಫ್ಲೋರೈಡ್ ಹೋಯಿತೆಂದು ನಂಬಬೇಡಿ.

ನೀವೇ ನೋಡಿ: ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಆರಿಸಿ ನಾಲಿಗೆಗೆ ತಾಗಿಸಿ. ಉಪ್ಪು ಹೆಚ್ಚಿರುತ್ತದೆ. ಇಂಥ ಯಾವ ಸಂದೇಶ ಬಂದರೂ ಮೊದಲು ಕೇಳಬೇಕಾದ್ದು ಇಷ್ಟೇ: ನೀರಿನಲ್ಲಿರುವುದು ಜೀವಿಯೋ, ಕರಗಿದ ಲವಣವೋ?

ಫ್ಲೋರೈಡಿಗೆ ರುಚಿ, ಬಣ್ಣ, ವಾಸನೆ ಇಲ್ಲ, ಪರೀಕ್ಷೆಯೇ ದಾರಿ. ಪಾವಗಡ, ಬಾಗೇಪಲ್ಲಿಯಂಥ ಕಡೆ ಇದು ತೀರ ಅಗತ್ಯ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದರೆ 1.5ರವರೆಗೆ. ಅದನ್ನು ಮೀರಿದರೆ ಕುಡಿಯಲು, ಅಡುಗೆಗೆ ಆರ್‌ಒ ನೀರು ಅಥವಾ ಶುದ್ಧವಾಗಿ ಹಿಡಿದಿಟ್ಟ ಮಳೆನೀರು ಬಳಸಿ.