ಶಾರ್ತ್ರ ಚರ್ಚಿನ ಗಾಜು ಕೆಳಕ್ಕೆ ಹರಿದಿದೆಯೇ? ಸತ್ಯಾಂಶ

ಫ್ರಾನ್ಸಿನ ಶಾರ್ತ್ರ ಊರಿನ ಚರ್ಚಿನ ಫೋಟೊ ಜೊತೆ ಒಂದು ಮೆಸೇಜ್ ಓಡಾಡುತ್ತಿರುತ್ತದೆ: "ಗಾಜು ನಿಜಕ್ಕೂ ದ್ರವ. 800 ವರ್ಷದಲ್ಲಿ ನಿಧಾನಕ್ಕೆ ಹರಿದು, ಕಿಟಕಿಗಳ ಬುಡ ದಪ್ಪ ಆಗಿದೆ."

ಇದು ತಪ್ಪು. ಮಾಮೂಲಿ ಬಿಸಿಲು, ಚಳಿಯಲ್ಲಿ ಗಾಜು ಗಟ್ಟಿ ವಸ್ತುವೇ. ಅದರೊಳಗಿನ ಅಣುಗಳು ಸ್ಫಟಿಕದ ಹಾಗೆ ಸಾಲಾಗಿ ಕೂತಿರುವುದಿಲ್ಲ, ಗೊಂದಲ ಹುಟ್ಟಿದ್ದು ಅಲ್ಲೇ. ಆದರೆ ಕೆಲವು ನೂರು ವರ್ಷದಲ್ಲಿ ಕಣ್ಣಿಗೆ ಕಾಣುವಷ್ಟು ಅದು ಹರಿಯುವುದಿಲ್ಲ.

ಹಾಗಾದರೆ ದಪ್ಪದಲ್ಲಿ ವ್ಯತ್ಯಾಸ ಏಕೆ? ಆಗ ಗಾಜನ್ನು ಬಾಯಿಂದ ಊದಿ, ಹರಡಿ ಹಾಳೆ ಮಾಡುತ್ತಿದ್ದರು. ಎಲ್ಲ ಕಡೆ ಒಂದೇ ದಪ್ಪ ಬರುತ್ತಲೇ ಇರಲಿಲ್ಲ. ಆ ಚೂರುಗಳನ್ನು ಸೀಸದ ಪಟ್ಟಿಯಲ್ಲಿ ಜೋಡಿಸುತ್ತಿದ್ದರು. ದಪ್ಪ ಅಂಚು ಮೇಲೆ, ಪಕ್ಕದಲ್ಲಿ ಇರುವ ಹಳೆಯ ಗಾಜುಗಳೂ ಇವೆ. ಕಾಲ ಕಳೆದಂತೆ ಬಾಗುವುದು ಮೆತ್ತಗಿರುವ ಸೀಸ, ಪಾಪ ಬೈಗುಳ ಗಾಜಿಗೆ!

ಇನ್ನೊಂದು ವಿಷಯ. ಈ ಗಾಜು ಇದ್ದಲ್ಲೇ ಇರಲಿಲ್ಲ. ಎರಡು ಮಹಾಯುದ್ಧಗಳಲ್ಲೂ ಬಿಚ್ಚಿ ಬೇರೆಡೆ ಬಚ್ಚಿಟ್ಟು, ಆಮೇಲೆ ಮತ್ತೆ ಕೂರಿಸಿದರು.

ಊರಿನ ನಿಜವಾದ ಕಥೆಯೇ ಸುಳ್ಳಿಗಿಂತ ಚೆಂದ. 11ನೇ ಶತಮಾನದಲ್ಲಿ ಬಿಷಪ್ ಫುಲ್ಬೇರ್ ಕಾಲದಲ್ಲಿ ಇಲ್ಲಿನ ಶಾಲೆ ಯೂರೋಪಿನಲ್ಲಿ ಹೆಸರು ಮಾಡಿತ್ತು. 1194ರ ಬೆಂಕಿಯಲ್ಲಿ ಚರ್ಚಿನ ಬಹುಭಾಗ ಸುಟ್ಟರೂ, ನೀಲಿ ಉಡುಪಿನ ಮೇರಿಯ ಗಾಜಿನ ಚಿತ್ರ ಉಳಿಯಿತು. ಆ ನೀಲಿ ಕೋಬಾಲ್ಟ್‌ನದು. 1594ರಲ್ಲಿ ಫ್ರಾನ್ಸಿನ ರಾಜ ನಾಲ್ಕನೇ ಹೆನ್ರಿಗೆ ಪಟ್ಟ ಕಟ್ಟಿದ್ದೂ ಇಲ್ಲೇ, ಏಕೆಂದರೆ ರಾಜರಿಗೆ ಪಟ್ಟ ಕಟ್ಟುವ ರೀಮ್ಸ್ ಊರು ಆಗ ಅವನ ವಿರೋಧಿಗಳ ಕೈಯಲ್ಲಿತ್ತು.