ಹುಣಸೆ ಮರದ ಪಕ್ಕ, ಬಸ್ ಸ್ಟ್ಯಾಂಡ್ ಎದುರು

ನಿನ್ನೆ ಸಂಜೆಯ ಸಿಟ್ಟು ಇನ್ನೂ ಇಳಿದಿಲ್ಲ. ಬರೆಯದೆ ನಿದ್ದೆ ಬರುವುದಿಲ್ಲ, ಅದಕ್ಕೇ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಆರೂವರೆ ಹೊತ್ತಿಗೆ ಮಲ್ಲೇಶ್ವರದಲ್ಲಿ ಆಟೊ ಹತ್ತಿದೆ. ರಾಜಾಜಿನಗರ ಸೇರುವಷ್ಟರಲ್ಲಿ ಮಳೆ ಹಿಡಿಯಿತು. ಎದುರಿನ ಬಸ್ಸಿನ ನಂಬರ್ ಕಾಣದಂಥ ಮಳೆ. ಪಕ್ಕದ ಪರದೆ ಇಳಿಸಿದರೂ ಬಟ್ಟೆಯೆಲ್ಲ ಒದ್ದೆ. ಮುಂದೆ ಒಂದು ಗಾಡಿಯೂ ಅಲ್ಲಾಡುತ್ತಿಲ್ಲ. ಆಟೊದವರು ಎಫ್‌ಎಂ ಹಾಕಿದ್ದರು. ಹಾಡು ಮುಗಿದು ಆರ್‌ಜೆ ಮಾತಿಗೆ ಬಂದರು. ‘ಎಷ್ಟು ಚೆನ್ನಾಗಿದೆ ಅಲ್ವಾ ಈ ಸಂಜೆ? ಒಂದು ಲೋಟ ಕಾಫಿ ತಗೊಂಡು ಟೆರೇಸ್ ಮೇಲೆ ಹೋಗಿ, ಆಕಾಶ ನೋಡ್ತಾ ಈ ಹಾಡು ಕೇಳಿ.’

ಅಷ್ಟು ಹೇಳಿ ಮುಂದಿನ ಹಾಡು. ಹೊರಗೆ ಊರು ಮುಳುಗುತ್ತಿದೆ, ಒಳಗೆ ಊರಿನ ರೇಡಿಯೊ ಟೆರೇಸಿಗೆ ಕಳಿಸುತ್ತಿದೆ. ನನಗೆ ಅಳು ಬಂದಂತಾಯಿತು, ನಿಜ ಹೇಳುತ್ತೇನೆ.

ಆ ಹುಡುಗಿಯ ಮೇಲೆ ನನಗೆ ಒಂಚೂರೂ ಕೋಪವಿಲ್ಲ. ಏನಾಗಿದೆ ಅಂತ ನನಗೆ ಗೊತ್ತು. ಬಹುಶಃ ಬೆಳಗ್ಗೆಯೇ ಕೂತು ಎರಡು ಮೂರು ದಿನದ ಲಿಂಕ್‌ಗಳನ್ನು ಒಟ್ಟಿಗೆ ಹೇಳಿ ಹೋಗಿರುತ್ತಾಳೆ. ವಾಯ್ಸ್ ಟ್ರ್ಯಾಕ್ ಅನ್ನುತ್ತೇವೆ ಅದಕ್ಕೆ. ಹಾಡುಗಳ ನಡುವಿನ ಮಾತನ್ನು ಮೊದಲೇ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ತುಂಬಿ, ಸ್ಟುಡಿಯೊ ದೀಪ ಆರಿಸಿ ಮನೆಗೆ ಹೋಗುವುದು. ನಿನ್ನೆ ಮಳೆ ಬಂದಾಗ ಆ ಸ್ಟುಡಿಯೊದಲ್ಲಿ ಮನುಷ್ಯರೇ ಇರಲಿಲ್ಲ ಅನ್ನುವುದೇ ನನ್ನ ಅನುಮಾನ.

ನನ್ನ ದೂರು ಇಷ್ಟೇ. ಊರಿನ ಹೆಸರಲ್ಲಿ ಲೈಸೆನ್ಸ್ ತಗೊಂಡವರು ಊರಿನ ಮಾತಾಡುತ್ತಿಲ್ಲ.

ಈ ದೂರು ಹೊಸದಲ್ಲ, ನನ್ನನ್ನು ಬಲ್ಲವರು ಹತ್ತು ಸಲ ಕೇಳಿದ್ದೀರಿ. ಆದರೂ ಮತ್ತೆ ಹೇಳುತ್ತೇನೆ. ಯಾಕೆಂದರೆ ಈ ರೇಡಿಯೊ ಹುಟ್ಟಿದ್ದೇ ಊರಿಗೋಸ್ಕರ. ಎಲ್ಲಿ ಬೇಕಾದರೂ ನೋಡಿ. 1922ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಡಬ್ಲ್ಯುಇಎಎಫ್ ಸ್ಟೇಷನ್ ದುಡ್ಡು ತಗೊಂಡು ಜಾಹೀರಾತು ಹಾಕಿತು. ರೇಡಿಯೊ ಜಾಹೀರಾತಿನ ಕಥೆ ಹೇಳುವವರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ. ಮಾರಿದ್ದು ಸೋಪಲ್ಲ, ಕಾರಲ್ಲ. ಅದೇ ಊರಿನ ಕ್ವೀನ್ಸ್ ಭಾಗದಲ್ಲಿ ಕಟ್ಟಿದ್ದ ಅಪಾರ್ಟ್‌ಮೆಂಟುಗಳು. ಕೇಳಿದವರು ಹೋಗಿ ಬಾಗಿಲು ತಟ್ಟಬಹುದಾದಷ್ಟು ಹತ್ತಿರ.

ನಮ್ಮಲ್ಲೂ ರೇಡಿಯೊ ಮೊದಲು ಖಾಸಗಿಯಾಗಿಯೇ ಇತ್ತು. ಇದನ್ನು ಜಾಸ್ತಿ ಜನ ಮರೆತಿದ್ದಾರೆ. 1927ರ ಜುಲೈ 23ರಂದು ಬೊಂಬಾಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಸ್ಟೇಷನ್ ಶುರುವಾಯಿತು, ಮುಂದಿನ ತಿಂಗಳು ಕಲ್ಕತ್ತದಲ್ಲಿ ಇನ್ನೊಂದು. ಟ್ರಾನ್ಸ್‌ಮಿಟರ್ ಬರೀ ಒಂದೂವರೆ ಕಿಲೋವ್ಯಾಟ್‌ನದು. ಕಂಪನಿ ನೆಚ್ಚಿದ್ದು ಕೇಳುಗರು ಕಟ್ಟುವ ಲೈಸೆನ್ಸ್ ದುಡ್ಡನ್ನು. ರೇಡಿಯೊ ಇದ್ದ ಮನೆಗಳೇ ಕಡಿಮೆ. 1930ರಲ್ಲಿ ಕಂಪನಿ ಮುಚ್ಚಿತು, ಸರ್ಕಾರ ವಹಿಸಿಕೊಂಡಿತು. ಅಲ್ಲಿಂದ ಮುಂದೆ ದಶಕಗಳ ಕಾಲ ರೇಡಿಯೊ ಅಂದರೆ ಸರ್ಕಾರ.

ನನಗೆ ಎಲ್ಲಕ್ಕಿಂತ ಇಷ್ಟದ ಕಥೆ ಮೈಸೂರಿನದು. ಅದು ವ್ಯಾಪಾರದ ರೇಡಿಯೊ ಅಲ್ಲ, ಆದರೂ ಹೇಳದೆ ಇರಲಾರೆ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೊ ಸ್ಟೇಷನ್ ಶುರು ಮಾಡಿದರು. 30 ವ್ಯಾಟ್‌ನ ಟ್ರಾನ್ಸ್‌ಮಿಟರ್. ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ನಲವತ್ತರ ಬಲ್ಬಿಗಿಂತ ಕಡಿಮೆ! ಅಷ್ಟರಲ್ಲೇ ಆ ಊರು ತನ್ನ ದನಿಯನ್ನು ತಾನೇ ಕೇಳಿಸಿಕೊಂಡಿತು. ಇವತ್ತು ಇಡೀ ದೇಶ ಹೇಳುವ ‘ಆಕಾಶವಾಣಿ’ ಅನ್ನುವ ಹೆಸರು ಬಂದದ್ದು ಆ ಸ್ಟೇಷನ್ನಿನಿಂದ. ನಮ್ಮ ಟವರ್‌ಗಳ ಮೇಲೆ ಈಗ ಕಿಲೋವ್ಯಾಟ್‌ಗಟ್ಟಲೆ ಪವರ್ ಇದೆ. ಮಳೆ ಬಂದಿದೆ ಅಂತ ಹೇಳುವವರಿಲ್ಲ.

ಜಾಹೀರಾತು ನಮ್ಮ ರೇಡಿಯೊಗೆ ಬಂದದ್ದು ನಿಧಾನವಾಗಿ. 1952ರಲ್ಲಿ ಮಂತ್ರಿ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಮಾಯವಾದವು. ಜನ ರೇಡಿಯೊ ಸಿಲೋನ್ ಕಡೆ ತಿರುಗಿಸಿದರು, ಅವರ ಹಿಂದೆಯೇ ಜಾಹೀರಾತು ಕೊಡುವವರೂ ಹೋದರು. ಆಮೇಲೆ 1957ರಲ್ಲಿ ವಿವಿಧ ಭಾರತಿ ಬಂತು. ಅದರಲ್ಲಿ ಜಾಹೀರಾತು ಶುರುವಾಗಲು 1967 ಬೇಕಾಯಿತು.

ಖಾಸಗಿಯವರಿಗೆ ದಾರಿ ಬಿಟ್ಟದ್ದು 1995ರ ಸುಪ್ರೀಂ ಕೋರ್ಟ್ ತೀರ್ಪು. ಕೇಸು ಕ್ರಿಕೆಟ್ ಪ್ರಸಾರದ್ದು. ಆದರೆ ಕೋರ್ಟ್ ಹೇಳಿದ್ದು ಏನು? ಗಾಳಿಯಲ್ಲಿ ಹೋಗುವ ತರಂಗಗಳು ಜನರ ಆಸ್ತಿ. ಸರ್ಕಾರದ್ದೂ ಅಲ್ಲ, ಕಂಪನಿಯದ್ದೂ ಅಲ್ಲ. ಈ ಮಾತನ್ನು ದಯವಿಟ್ಟು ನೆನಪಲ್ಲಿಡಿ. ನಿನ್ನೆ ಆಟೊದಲ್ಲಿ ಬಂದ ಆ ಟೆರೇಸ್ ಮಾತು ನನ್ನ, ನಿಮ್ಮ ಆಸ್ತಿಯ ಮೇಲೆ ಹರಿದು ಬಂದದ್ದು.

1999ರಲ್ಲಿ ಸರ್ಕಾರ 40 ಊರುಗಳಲ್ಲಿ 108 ಸ್ಟೇಷನ್‌ಗಳಿಗೆ ಹರಾಜು ಕೂಗಿತು. ಲೈಸೆನ್ಸ್ ಶುಲ್ಕ ಪ್ರತಿ ವರ್ಷ ನೂರಕ್ಕೆ 15ರಂತೆ ಏರಬೇಕು ಅನ್ನುವ ಷರತ್ತು. ಕೂಗಿದವರು ಲೆಕ್ಕ ಹಾಕಿ ಕೈಬಿಟ್ಟರು. ಕೊನೆಗೆ ನಡೆದದ್ದು 21 ಮಾತ್ರ. ಅದರಲ್ಲಿ ಎಲ್ಲಕ್ಕಿಂತ ಮೊದಲು ಬಾಯಿ ಬಿಟ್ಟದ್ದು ನಮ್ಮ ಬೆಂಗಳೂರಿನ ರೇಡಿಯೊ ಸಿಟಿ, 2001ರ ಜುಲೈ 3ರಂದು. ದೇಶದ ಮೊದಲ ಖಾಸಗಿ ಎಫ್‌ಎಂ.

ಆ ತಿಂಗಳು ನಾನು ಎಸ್.ಪಿ. ರೋಡಿಗೆ ಹೋಗಿ ಅಂಗೈಯಗಲದ ಒಂದು ರೇಡಿಯೊ ಕೊಂಡೆ. ಹಾಸ್ಟೆಲ್ ರೂಮಿನಲ್ಲಿ ಕಿಟಕಿ ಸರಳಿಗೆ ಆಂಟೆನಾ ತಾಗಿಸಿ ನಾಲ್ಕು ಜನ ಕೇಳುತ್ತಿದ್ದೆವು. ಹಾಡಿಗಿಂತ ಹೆಚ್ಚಾಗಿ ನಮ್ಮನ್ನು ಹಿಡಿದದ್ದು ಮಾತು. ನಾವು ದಿನಾ ಓಡಾಡುವ ರಸ್ತೆಯ ಹೆಸರನ್ನು ಒಬ್ಬರು ರೇಡಿಯೊದಲ್ಲಿ ಹೇಳುತ್ತಾರೆ. ಅದೂ ಈಗ, ಈ ನಿಮಿಷ. ಅಷ್ಟಕ್ಕೇ ಮೈ ಜುಂ ಅನ್ನುತ್ತಿತ್ತು.

ಆ ದಿನಗಳೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ಶುರುವಿನಲ್ಲಿ ಬೆಂಗಳೂರಿನ ಎಫ್‌ಎಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಕನ್ನಡವನ್ನು ಹುಡುಕಬೇಕಾಗಿತ್ತು. ಕನ್ನಡ ಹಾಕಿದರೆ ಜಾಹೀರಾತು ಬರುವುದಿಲ್ಲ ಅನ್ನುವ ಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅದು ಸುಳ್ಳು ಅಂತ ಆಮೇಲೆ ಬಂದ ಸ್ಟೇಷನ್‌ಗಳೇ ತೋರಿಸಿದವು. ಈಗ ಕನ್ನಡ ಬೇಕಾದಷ್ಟಿದೆ. ಆದರೆ ಆ ಕನ್ನಡ ಯಾವ ಊರಿನ ಯಾವ ದಿನಕ್ಕೂ ಸೇರಿದ್ದಲ್ಲ. ಟೆರೇಸ್, ಕಾಫಿ, ಆಕಾಶ.

2005ರಲ್ಲಿ ನಿಯಮ ಬದಲಾಯಿತು. ವರ್ಷವರ್ಷ ಏರುವ ಶುಲ್ಕ ಹೋಗಿ, ಬಂದ ಆದಾಯದಲ್ಲಿ ನೂರಕ್ಕೆ 4 ಕೊಟ್ಟರೆ ಸಾಕು ಅಂತಾಯಿತು. ಮುಂದಿನ ವರ್ಷ ಬೆಂಗಳೂರಿನಲ್ಲಿ ಸಾಲಾಗಿ ಸ್ಟೇಷನ್‌ಗಳು ಎದ್ದವು. ನಾನು ಕೆಲಸಕ್ಕೆ ಸೇರಿದ್ದು ಆಗ. ಯಾವ ಸ್ಟೇಷನ್ ಅಂತ ನಿಮಗೆ ಗೊತ್ತು, ಇಲ್ಲಿ ಹೆಸರು ಬೇಡ.

ಬೆಳಗ್ಗೆ ಜಾಹೀರಾತಿನ ಸ್ಕ್ರಿಪ್ಟ್ ಬರೆಯುವುದು, ಸಂಜೆ ಟ್ರಾಫಿಕ್ ಹೇಳುವುದು ನನ್ನ ಕೆಲಸ. ಪೊಲೀಸ್ ಕಂಟ್ರೋಲ್ ರೂಮಿಗೆ ಫೋನ್ ಮಾಡಿ, ಎಲ್ಲಿ ಏನು ನಿಂತಿದೆ ಕೇಳಿಕೊಂಡು, ಚೀಟಿ ಹಿಡಿದು ಸ್ಟುಡಿಯೊಗೆ ಓಡುತ್ತಿದ್ದೆ. ಒಂದೊಂದು ಸಲ ಕೇಳುಗರೇ ಫೋನ್ ಮಾಡಿ ತಿದ್ದುತ್ತಿದ್ದರು. ‘ಮೇಡಂ, ಆ ಲಾರಿ ಎತ್ತಿ ಹತ್ತು ನಿಮಿಷ ಆಯ್ತು, ಈಗ ಕ್ಲಿಯರ್ ಇದೆ.’ ಅದನ್ನೂ ತಕ್ಷಣ ಹೇಳುತ್ತಿದ್ದೆವು.

ಜಾಹೀರಾತಿನಲ್ಲೂ ಊರು ಇತ್ತು. ಒಂದು ಸಲ ಪಾತ್ರೆ ಅಂಗಡಿಯ ಯಜಮಾನರೊಬ್ಬರು ಬಂದರು. ಮದುವೆ ಕಾರ್ಡಿನ ಹಿಂದೆ ತಾವೇ ಬರೆದು ತಂದಿದ್ದರು. 20 ಸೆಕೆಂಡಿನ ಸ್ಪಾಟ್. ಅದರಲ್ಲಿ ‘ಬಸ್ ಸ್ಟ್ಯಾಂಡ್ ಎದುರು, ದೊಡ್ಡ ಹುಣಸೆ ಮರದ ಪಕ್ಕ’ ಅನ್ನುವುದಕ್ಕೇ ಐದು ಸೆಕೆಂಡು ಬೇಕು. ಎರಡು ಸಲ ಹೇಳಿಸಬೇಕು ಅಂತ ಅವರ ಹಟ. ನಾನು ಸ್ಟಾಪ್‌ವಾಚ್ ಹಿಡಿದು ತೋರಿಸಿದೆ. ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ‘ಅಂಗಡಿ ಹೆಸರು ಬೇಕಾದ್ರೆ ಒಂದ್ಸಲ ಕಮ್ಮಿ ಮಾಡಮ್ಮ, ಮರ ಬಿಡಬೇಡ. ಜನ ನನ್ನ ಹತ್ರ ಬರೋದು ಮರ ನೋಡ್ಕೊಂಡು.’

ಮರ ಎರಡು ಸಲ ಬಂತು. ತಿಂಗಳಾದ ಮೇಲೆ ಮತ್ತೆ ಬಂದಾಗ ಅವರ ಮುಖದಲ್ಲಿ ಎಂಥಾ ಖುಷಿ. ಜನ ಬಂದು ‘ರೇಡಿಯೊದಲ್ಲಿ ಬರೋ ಮರದ ಅಂಗಡಿ ಇದೇನಾ’ ಅಂತ ಕೇಳುತ್ತಾರಂತೆ. ಈಗಿನ ಜಾಹೀರಾತು ಕೇಳಿ. ‘ಇಂದೇ ನಿಮ್ಮ ಹತ್ತಿರದ ಶೋರೂಮಿಗೆ ಭೇಟಿ ಕೊಡಿ.’ ಯಾವ ಹತ್ತಿರ? ಯಾರಿಗೆ ಹತ್ತಿರ? ಬೀದರ್‌ನಿಂದ ಚಾಮರಾಜನಗರದ ತನಕ ಎಲ್ಲರಿಗೂ ಒಂದೇ ಹತ್ತಿರ.

ಸುದ್ದಿ ಹೇಳಲು ಬಿಡುವುದಿಲ್ಲ, ಏನು ಮಾಡೋದು ಅಂತ ಒಬ್ಬ ಹಳೆಯ ಸಹೋದ್ಯೋಗಿ ಬೆಳಗ್ಗೆ ಫೋನಿನಲ್ಲಿ ಹೇಳಿದ. ಅರ್ಧ ನಿಜ. ಖಾಸಗಿ ಎಫ್‌ಎಂ ತನ್ನದೇ ಸುದ್ದಿ ಕೊಡುವ ಹಾಗಿಲ್ಲ. ಆಕಾಶವಾಣಿಯ ಸುದ್ದಿಯನ್ನು ಹಾಗೇ, ಏನೂ ಬದಲಿಸದೆ ಹಾಕಬಹುದು ಅಷ್ಟೇ. ಈ ನಿಯಮ ತಪ್ಪು, ನನಗೆ ಅದರಲ್ಲಿ ಅನುಮಾನವೇ ಇಲ್ಲ. ದಿನಪತ್ರಿಕೆಗೂ ಟಿವಿಗೂ ಇರುವ ಹಕ್ಕು ರೇಡಿಯೊಗೆ ಯಾಕಿಲ್ಲ? ಆದರೆ 2011ರ ನೀತಿಯನ್ನೇ ತೆಗೆದು ಓದಿ. ಟ್ರಾಫಿಕ್, ಹವಾಮಾನ, ಪರೀಕ್ಷೆ, ಫಲಿತಾಂಶ, ಊರ ಹಬ್ಬ, ಕೆಲಸ ಖಾಲಿ ಇರುವುದು, ಸ್ಥಳೀಯ ಆಡಳಿತ ಕೊಡುವ ನೀರು, ಕರೆಂಟು, ಪ್ರವಾಹದ ಸೂಚನೆ, ಇದೆಲ್ಲ ಸುದ್ದಿ ಅಲ್ಲ, ಧಾರಾಳವಾಗಿ ಹೇಳಿ ಅಂತ ಅಲ್ಲಿದೆ. ಅದೇ ನೀತಿ ಇನ್ನೊಂದನ್ನೂ ಬಿಟ್ಟುಕೊಟ್ಟಿತು. ಒಂದು ಕಂಪನಿ ತನ್ನ ಎಲ್ಲ ಊರಿನ ಸ್ಟೇಷನ್‌ಗಳಲ್ಲಿ ಒಂದೇ ಕಾರ್ಯಕ್ರಮ ಹಾಕಬಹುದು. ಎರಡು ಬಾಗಿಲು ತೆರೆದವು. ಜಾಸ್ತಿ ಜನ ಹೋದದ್ದು ಎರಡನೆಯದರಲ್ಲಿ.

ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ನಮ್ಮಲ್ಲಿ ಭಾನುವಾರ ಬೆಳಗ್ಗೆ ಒಂದು ಗಂಟೆಯ ಕಾರ್ಯಕ್ರಮ ಇತ್ತು. ವಾರಕ್ಕೊಂದು ಬಡಾವಣೆ. ಅಲ್ಲಿನ ಹಳಬರು, ಹೂವಿನವರು, ಲೈಬ್ರರಿ, ಕೆರೆ ಎಲ್ಲಿತ್ತು, ಬಾವಿ ಯಾವಾಗ ಮುಚ್ಚಿದರು, ಹೀಗೆ. ಒಬ್ಬ ಚಿಕ್ಕ ಹುಡುಗ ಬೈಕಿನಲ್ಲಿ ಸುತ್ತಿ ರೆಕಾರ್ಡ್ ಮಾಡಿ ತರುತ್ತಿದ್ದ. ಪ್ರಾಯೋಜಕರು ಸಿಗುತ್ತಿಲ್ಲ ಅಂತ ಒಂದು ಮೀಟಿಂಗಿನಲ್ಲಿ ಅದನ್ನು ತೆಗೆದರು. ಬದಲಿಗೆ ಬೇರೆ ಊರಲ್ಲಿ ತಯಾರಾದ ಸಿನಿಮಾ ತಾರೆಯರ ಸಂದರ್ಶನ. ‘ಯಾರಿಗಾದರೂ ಏನಾದರೂ ಹೇಳೋದಿದೆಯಾ’ ಅಂತ ಕೇಳಿದರು. ಆ ಹುಡುಗ ನನ್ನ ಮುಖ ನೋಡಿದ. ನಾನು ಅವನಿಗಿಂತ ಹಿರಿಯಳು, ನನ್ನ ಮಾತು ನಡೆಯುತ್ತಿತ್ತು. ಮನೆ ಸಾಲದ ಕಂತು ಶುರುವಾಗಿ ಮೂರು ತಿಂಗಳಾಗಿತ್ತು. ನಾನು ತಲೆ ಬಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಾ ಕೂತೆ. ಆ ಹುಡುಗ ಆಮೇಲೆ ಆ ವಿಷಯ ಎತ್ತಲೇ ಇಲ್ಲ. ನಿನ್ನೆ ಆಟೊದಲ್ಲಿ ನನಗೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಈಗ ಎಲ್ಲರೂ ಹೇಳುವ ಮಾತು. ಫೋನ್ ಇದೆಯಲ್ಲ, ಮ್ಯಾಪ್ ಇದೆಯಲ್ಲ, ರೇಡಿಯೊ ಯಾಕೆ ಬೇಕು? ನಿನ್ನೆ ಮ್ಯಾಪ್ ನೋಡಿದೆ. ರಸ್ತೆ ಕೆಂಪಾಗಿ ತೋರಿಸಿತು. ಯಾಕೆ ಕೆಂಪು? ಮರ ಬಿದ್ದಿದೆಯಾ, ನೀರು ನಿಂತಿದೆಯಾ, ಅಂಡರ್‌ಪಾಸ್ ಮುಚ್ಚಿದ್ದಾರಾ? ಅದನ್ನು ಹೇಳುವುದಿಲ್ಲ. ಗಾಡಿ ಓಡಿಸುವವರು ಮಳೆಯಲ್ಲಿ ಫೋನ್ ಹಿಡಿದು ಓದುತ್ತಾ ಕೂರಲು ಆಗುತ್ತದಾ? ಕಿವಿ ಮಾತ್ರ ಖಾಲಿ ಇರುತ್ತದೆ. ದುಡ್ಡಿಲ್ಲ, ನಷ್ಟದಲ್ಲಿದ್ದೇವೆ ಅನ್ನುವುದು ಇನ್ನೊಂದು. ಇರಬಹುದು. ಕಂಟ್ರೋಲ್ ರೂಮಿಗೆ ಒಂದು ಫೋನ್ ಮಾಡಲು ಎಷ್ಟು ದುಡ್ಡು ಬೇಕು?

ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯನ್ನು ನೆನಪಿಸಿಕೊಳ್ಳಿ. ಗಾಳಿಯಲ್ಲಿ ಪ್ರಸಾರ ಮಾಡಲು ಲೈಸೆನ್ಸ್ ಸಿಗದಿದ್ದ ಕಾಲದಲ್ಲಿ ಆ ಹಳ್ಳಿಯವರು ಕೇಬಲ್ ತಂತಿಯಲ್ಲಿ ಮನೆಮನೆಗೆ ತಮ್ಮ ಮಾತು ಕಳಿಸಿದರು. ಹೇಳುವುದಿದ್ದವರು ತಂತಿ ಎಳೆದರು. ಇವರ ಹತ್ತಿರ ಟವರ್ ಇದೆ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಇನ್ನೂ 234 ಊರುಗಳಲ್ಲಿ 730 ಎಫ್‌ಎಂಗಳಿಗೆ ಒಪ್ಪಿಗೆ ಕೊಟ್ಟಿತು. ನಮ್ಮ ರಾಜ್ಯದ ಊರುಗಳೂ ಅದರಲ್ಲಿವೆ. ಮಾತೃಭಾಷೆಯಲ್ಲಿ ಸ್ಥಳೀಯ ಕಾರ್ಯಕ್ರಮ ಬರಲಿ ಅನ್ನುವ ಉದ್ದೇಶವನ್ನೂ ಹೇಳಿದ್ದಾರೆ. ಓದಿದಾಗ ಖುಷಿಯಾಗಿತ್ತು. ಈಗ ಭಯ. ಆ ಊರುಗಳಿಗೂ ಬೆಂಗಳೂರಲ್ಲಿ ತುಂಬಿಟ್ಟ ಟೆರೇಸ್ ಮಾತೇ ಹೋದರೆ ಅದನ್ನು ಆ ಊರಿನ ರೇಡಿಯೊ ಅಂತ ಯಾಕೆ ಕರೆಯಬೇಕು? ನಿಮ್ಮ ಊರಿಗೆ ಬಂದರೆ ಮೊದಲ ವಾರವೇ ಫೋನ್ ಮಾಡಿ ಕೇಳಿ, ಸ್ಟುಡಿಯೊದಲ್ಲಿ ಈಗ ಯಾರಿದ್ದೀರಿ ಅಂತ.

ನಿನ್ನೆಯದನ್ನು ಮುಗಿಸುತ್ತೇನೆ. ಟೆರೇಸ್ ಹಾಡು ಅರ್ಧಕ್ಕೆ ಬಂದಾಗ ಆಟೊದವರು ರೇಡಿಯೊ ಆರಿಸಿದರು. ಫೋನ್ ತೆಗೆದು ಅವರ ಡ್ರೈವರ್‌ಗಳ ಗ್ರೂಪಿಗೆ ಬಂದಿದ್ದ ವಾಯ್ಸ್ ಮೆಸೇಜ್‌ಗಳನ್ನು ಒಂದೊಂದಾಗಿ ಹಾಕುತ್ತಾ ಹೋದರು. ಹಿಂದೆ ಮಳೆಯ ಸದ್ದು, ಹಾರ್ನ್, ಅದರ ನಡುವೆ ಒಬ್ಬರ ದನಿ. ‘ಏಯ್ ಯಾರೂ ಅಂಡರ್‌ಪಾಸ್ ಕಡೆ ಬರಬೇಡ್ರಪ್ಪಾ, ಸೊಂಟದ ತನಕ ನೀರು. ದೇವಸ್ಥಾನದ ಹಿಂದಿನ ರೋಡು ಚೆನ್ನಾಗಿದೆ, ಹಂಗೇ ಬನ್ನಿ.’

‘ಅಣ್ಣಾ, ಅದನ್ನ ಇನ್ನೊಂದ್ಸಲ ಹಾಕಿ’ ಅಂದೆ.

ಅವರು ಹಾಕಿದರು. ಆಮೇಲೆ ಗಾಡಿ ತಿರುಗಿಸಿ ದೇವಸ್ಥಾನದ ಹಿಂದಿನ ರೋಡಿಗೆ ಇಳಿಸಿದರು.